ಫ್ರಟರ್ನಿಟಿಯಿಂದ ಹೊರಡುವ ಸೀನಿಯರ್‌ಗಳ ಸನ್ಮಾನ: ಆಯ್ಕೆ, ಫಲಕ, ಸಮಾರಂಭ

ಅಮೆರಿಕದ ಕಾಲೇಜು ಫ್ರಟರ್ನಿಟಿಗಳಲ್ಲಿ ಪದವಿ ಮುಗಿಸಿ ಹೊರಡುವವರ ಸನ್ಮಾನ ಬಹಳ ಸಲ ಏಪ್ರಿಲ್ ಕೊನೆಯ ವಾರದಲ್ಲಿ ಗಡಿಬಿಡಿಯಿಂದ ಮುಗಿದುಹೋಗುತ್ತದೆ. ಪರೀಕ್ಷೆ ತಲೆಯ ಮೇಲೆ ಇರುತ್ತದೆ, ಯಾರೋ ಒಬ್ಬರು ಫಲಕಕ್ಕೆ ಆರ್ಡರ್ ಕೊಡುತ್ತಾರೆ, ಅಧ್ಯಕ್ಷನಾಗಿದ್ದವನ ಹೆಸರೇ ಅದರ ಮೇಲೆ ಬೀಳುತ್ತದೆ. ಎರಡು ವರ್ಷ ಚಾಪ್ಟರಿನ ಲೆಕ್ಕಪತ್ರ ಸರಿದೂಗಿಸಿದ ಖಜಾಂಚಿ, ಚಳಿಗಾಲದಲ್ಲಿ ಪೈಪು ಒಡೆದ ರಾತ್ರಿ ಎದ್ದು ನಿಂತ ಹೌಸ್ ಮ್ಯಾನೇಜರ್ (ಸದಸ್ಯರು ಒಟ್ಟಿಗೆ ವಾಸಿಸುವ ಮನೆಯನ್ನು ನೋಡಿಕೊಳ್ಳುವವನು) ಚಪ್ಪಾಳೆ ತಟ್ಟುವವರ ಸಾಲಿನಲ್ಲೇ ಉಳಿಯುತ್ತಾರೆ. ಗೌರವ ಸಲ್ಲಬೇಕಾದವನಿಗೇ ಸಲ್ಲಬೇಕಾದರೆ ಕೆಲಸ ಫೆಬ್ರವರಿಯಲ್ಲೇ ಶುರುವಾಗಬೇಕು. ಚಾಪ್ಟರಿನ ಪದಾಧಿಕಾರಿಗಳಿಗೂ, ಹಳೆಯ ಸದಸ್ಯರಾಗಿ ಸಲಹೆಗಾರರ ಸ್ಥಾನದಲ್ಲಿ ಕೂತವರಿಗೂ ಉಪಯೋಗವಾಗಲೆಂದು ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಇಲ್ಲಿ ಬರೆದಿದೆ.

ಈ ಲೋಕಕ್ಕೆ ಹೊಸಬರಾದವರಿಗೆ ಎರಡು ಮಾತು. ನಮ್ಮಲ್ಲಿ ಸೀನಿಯರ್ ಎಂದರೆ ನಮಗಿಂತ ಮೇಲಿನ ತರಗತಿಯ ಯಾರಾದರೂ ಆಗಬಹುದು. ಅಲ್ಲಿ ಫ್ರೆಶ್‌ಮನ್, ಸೋಫೊಮೋರ್, ಜೂನಿಯರ್ ಆದ ಮೇಲೆ ಬರುವ ಕೊನೆಯ ವರ್ಷದವನು ಮಾತ್ರ ಸೀನಿಯರ್. ಫ್ರಟರ್ನಿಟಿ ಎಂದರೆ ಗ್ರೀಕ್ ಅಕ್ಷರಗಳ ಹೆಸರು ಹೊತ್ತ ವಿದ್ಯಾರ್ಥಿ ಸಂಘ. ಗ್ರೀಕ್ ಅಕ್ಷರದ ಪದ್ಧತಿ 1776ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನ ಫೈ ಬೀಟಾ ಕಪ್ಪಾದಿಂದ ಬಂತು. ಈಗಿನ ಸಾಮಾಜಿಕ ಫ್ರಟರ್ನಿಟಿಗಳ ಬೇರು ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರಲ್ಲಿ ಹುಟ್ಟಿದ ಕಪ್ಪಾ ಆಲ್ಫಾ ಸೊಸೈಟಿಯಲ್ಲಿದೆ. ಒಂದು ಕಾಲೇಜಿನಲ್ಲಿರುವ ಘಟಕಕ್ಕೆ ಚಾಪ್ಟರ್ ಎನ್ನುತ್ತಾರೆ, ಇಡೀ ದೇಶದ ಚಾಪ್ಟರುಗಳ ಮೇಲೆ ಒಂದು ಕೇಂದ್ರ ಸಂಸ್ಥೆ ಇರುತ್ತದೆ. ದಕ್ಷಿಣ ಏಷ್ಯಾ ಮೂಲದವರು ಕಟ್ಟಿದ ಫ್ರಟರ್ನಿಟಿಗಳೂ ಇವೆ: ಬಿಂಗ್‌ಹ್ಯಾಮ್ಟನ್‌ನಲ್ಲಿ 1994ರಲ್ಲಿ ಶುರುವಾದ ಅಯೋಟಾ ನ್ಯೂ ಡೆಲ್ಟಾ, ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ 1998ರ ಡೆಲ್ಟಾ ಎಪ್ಸಿಲಾನ್ ಸೈ, ಯುಸಿಎಲ್‌ಎಯಲ್ಲಿ 1999ರ ಬೀಟಾ ಕೈ ಥೀಟಾ. ಕನ್ನಡದ ಮನೆಗಳ ಹುಡುಗರು ಇವುಗಳಲ್ಲೂ ಇದ್ದಾರೆ, ಹಳೆಯ ಫ್ರಟರ್ನಿಟಿಗಳಲ್ಲೂ ಇದ್ದಾರೆ.

ದಿನಾಂಕದಿಂದ ಹಿಂದಕ್ಕೆ ಎಣಿಸಿ

ಮೊದಲು ವಿಶ್ವವಿದ್ಯಾಲಯದ ಪದವಿ ಪ್ರದಾನದ ದಿನ ನೋಡಿಕೊಳ್ಳಿ. ಹೆಚ್ಚಿನ ಕಡೆ ಅದು ಮೇ ತಿಂಗಳ ಒಂದು ಶನಿವಾರ ಅಥವಾ ಭಾನುವಾರ. ಚಾಪ್ಟರಿನ ಸಮಾರಂಭವನ್ನು ಅದೇ ವಾರಾಂತ್ಯಕ್ಕೆ ಇಟ್ಟರೆ ತಂದೆತಾಯಿ ಬಂದಿರುತ್ತಾರೆ ಎನ್ನುವುದು ನಿಜ. ಅಷ್ಟರಲ್ಲಿ ಕಿರಿಯ ಸದಸ್ಯರು ಪರೀಕ್ಷೆ ಮುಗಿಸಿ ಊರಿಗೆ ಹೋಗಿರುತ್ತಾರೆ, ಚಾಪ್ಟರಿನ ಮನೆ ಅರ್ಧ ಖಾಲಿ ಇರುತ್ತದೆ. ಯಾರ ಎದುರು ಈ ಗೌರವ ಸಲ್ಲಬೇಕೋ ಅವರೇ ಇಲ್ಲದಂತಾಗುತ್ತದೆ. ಪರೀಕ್ಷೆಗಳಿಗೆ ಹತ್ತು ಹನ್ನೆರಡು ದಿನ ಮುಂಚಿನ ಭಾನುವಾರ ಎಲ್ಲಕ್ಕಿಂತ ಒಳ್ಳೆಯದು.

ಆ ಭಾನುವಾರದಿಂದ ಹಿಂದಕ್ಕೆ ಎಣಿಸಿದರೆ ಹತ್ತು ವಾರ ಮುಂಚೆ ಸಮಿತಿ ಆಗಬೇಕು, ಎಂಟು ವಾರ ಮುಂಚೆ ನಾಮನಿರ್ದೇಶನದ ಅರ್ಜಿ ಹೊರಬೀಳಬೇಕು, ಆರು ವಾರಕ್ಕೆ ಅರ್ಜಿ ಮುಚ್ಚಬೇಕು, ಐದನೇ ವಾರಕ್ಕೆ ಆಯ್ಕೆ ಮುಗಿಯಬೇಕು. ಉಳಿದ ಸಮಯವೆಲ್ಲ ಕೆತ್ತನೆಗೆ, ಸ್ಟೋಲ್‌ಗೆ (ಪದವಿ ಗೌನಿನ ಮೇಲೆ ಹೆಗಲಿಂದ ಇಳಿಬಿಡುವ ಉದ್ದನೆಯ ಬಟ್ಟೆ), ಆಮಂತ್ರಣಕ್ಕೆ ಬೇಕು. ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್‌ನಲ್ಲಿ ಒಂದು ವಾರ ಯಾರೂ ಮಿಂಚಂಚೆಗೆ ಉತ್ತರ ಕೊಡುವುದಿಲ್ಲ, ಅದನ್ನು ಲೆಕ್ಕದಿಂದ ಮೊದಲೇ ಕಳೆದುಬಿಡಿ.

ಇದಕ್ಕಿಂತ ಮುಂಚೆಯೇ ನೋಡಬೇಕಾದ್ದು ಹೊರಗಿನ ಪ್ರಶಸ್ತಿಗಳ ಕೊನೆಯ ದಿನಾಂಕ. ಅನೇಕ ಕೇಂದ್ರ ಸಂಸ್ಥೆಗಳಿಗೆ ತಮ್ಮದೇ ಆದ ಸೀನಿಯರ್ ಪ್ರಶಸ್ತಿ ಇದೆ. 1855ರಲ್ಲಿ ಒಹಾಯೋದ ಮಯಾಮಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸಿಗ್ಮಾ ಕೈ ಕೊಡುವ ಇಂಟರ್‌ನ್ಯಾಷನಲ್ ಬಾಲ್ಫರ್ ಪ್ರಶಸ್ತಿ ಇಂಥದ್ದು. ಚಾಪ್ಟರಿನಲ್ಲಿ ಆಯ್ಕೆಯಾದವನು ಪ್ರಾಂತ್ಯದ ಮಟ್ಟಕ್ಕೆ, ಅಲ್ಲಿಂದ ಇಡೀ ಸಂಸ್ಥೆಯ ಮಟ್ಟಕ್ಕೆ ಹೋಗುತ್ತಾನೆ. ನಿಮ್ಮ ಸಂಸ್ಥೆಯಲ್ಲಿ ಇಂಥ ಮೆಟ್ಟಿಲುಗಳಿದ್ದರೆ ಚಾಪ್ಟರಿನ ಆಯ್ಕೆ ಮೇಲಿನ ಮೆಟ್ಟಿಲಿನ ಗಡುವಿಗೆ ಮುಂಚೆ ಮುಗಿಯಲೇಬೇಕು. ಅತ್ಯಂತ ಅರ್ಹನೊಬ್ಬ ಕೇವಲ ತಾರೀಖು ತಪ್ಪಿದ್ದರಿಂದ ಮೇಲಕ್ಕೆ ಹೋಗದೆ ಉಳಿಯುವುದು ಪ್ರತಿ ವರ್ಷ ಎಲ್ಲೋ ಒಂದು ಕಡೆ ಆಗುತ್ತಲೇ ಇರುತ್ತದೆ.

ಇನ್ನೊಂದು ಮರೆವು: ಡಿಸೆಂಬರಿನಲ್ಲಿ ಪದವಿ ಮುಗಿಸಿದವರು. ಏಪ್ರಿಲ್ ಹೊತ್ತಿಗೆ ಅವರು ಸಿಯಾಟಲ್‌ನಲ್ಲೋ ಡಲಾಸ್‌ನಲ್ಲೋ ಕೆಲಸಕ್ಕೆ ಸೇರಿರುತ್ತಾರೆ, ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಕಾರ್ಯದರ್ಶಿ ಹಿಂದಿನ ಮೇ ತಿಂಗಳಿಂದ ಈ ಮೇ ತಿಂಗಳವರೆಗಿನ ಎಲ್ಲ ಪದವೀಧರರ ಪಟ್ಟಿ ಮಾಡಬೇಕು. ಮೇ ತಿಂಗಳಲ್ಲಿ ಮುಗಿಸುತ್ತೇನೆ ಎನ್ನುವವರಲ್ಲಿ ಕೆಲವರಿಗೆ ಮೂರು ಕ್ರೆಡಿಟ್ ಬಾಕಿ ಇರುತ್ತದೆ. ಪದವಿಗೆ ಅರ್ಜಿ ಹಾಕಿದ್ದಾರೆಯೇ ಎಂದು ಅವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ.

ಸಮಿತಿಯಲ್ಲಿ ಯಾರಿರಬೇಕು

ಐದು ಜನ ಸಾಕು. ಇಬ್ಬರು ಜೂನಿಯರ್, ಒಬ್ಬ ಸೋಫೊಮೋರ್, ಚಾಪ್ಟರಿನ ಸಲಹೆಗಾರ, ಇನ್ನೊಬ್ಬ ಹಳೆಯ ಸದಸ್ಯ. ಸೀನಿಯರ್‌ಗಳು ಬೇಡ, ತಾನು ಸ್ಪರ್ಧೆಯಲ್ಲಿಲ್ಲ ಎಂದು ಬರೆದುಕೊಟ್ಟವನೂ ಬೇಡ. ನಾಲ್ಕು ವರ್ಷದ ಸ್ನೇಹ, ಮುನಿಸು ಎರಡೂ ಅವನ ಜೊತೆಗೇ ಬಂದು ಕೂರುತ್ತವೆ.

ಫ್ರಟರ್ನಿಟಿಗಳಲ್ಲಿ ಪ್ರತಿ ಹೊಸ ಸದಸ್ಯನಿಗೂ ದಾರಿ ತೋರುವ ಒಬ್ಬ ಬಿಗ್ ಬ್ರದರ್ ಇರುತ್ತಾನೆ, ಹೊಸಬ ಅವನ ಲಿಟಲ್ ಬ್ರದರ್, ಹೀಗೆ ಬಿಗ್-ಲಿಟಲ್ ಸಾಲು ಬೆಳೆದು ಒಂದು ಕುಟುಂಬವೇ ಆಗುತ್ತದೆ. ಸಮಿತಿಯವನೊಬ್ಬ ಅಭ್ಯರ್ಥಿಯ ಲಿಟಲ್ ಆಗಿದ್ದರೆ ಆ ಅಭ್ಯರ್ಥಿಗೆ ಅಂಕ ಕೊಡದಿದ್ದರೆ ಸಾಲದು, ಆ ಪ್ರಶಸ್ತಿಯ ಇಡೀ ಆಯ್ಕೆಯಿಂದಲೇ ಹೊರಗಿರಬೇಕು. ಒಬ್ಬನಿಗೆ ಅಂಕ ಕೊಡದೆ ಎದುರಾಳಿಗಳಿಗೆ ಮಾತ್ರ ಕೊಟ್ಟರೂ ತಕ್ಕಡಿ ವಾಲುತ್ತದೆ. ಅವನ ಜಾಗಕ್ಕೆ ಒಬ್ಬ ಬದಲಿ ಸದಸ್ಯನನ್ನು ಮೊದಲೇ ಗೊತ್ತುಮಾಡಿರಿ.

ವಾರದ ಸಭೆಯಲ್ಲಿ ಕೈ ಎತ್ತಿಸಿ ಆರಿಸುವ ಪದ್ಧತಿ ಇನ್ನೂ ಅನೇಕ ಕಡೆ ಇದೆ. ಅಲ್ಲಿ ಗೆಲ್ಲುವವನು ಹೆಚ್ಚು ಜನಕ್ಕೆ ಪರಿಚಯ ಇರುವವನು. ಈ ವರ್ಷ ಸೇರಿದ ಕಿರಿಯರಿಗೆ ಒಬ್ಬನ ಹಿಂದಿನ ಮೂರು ವರ್ಷದ ಕೆಲಸ ಗೊತ್ತೇ ಇರುವುದಿಲ್ಲ, ಅವರ ಮತಕ್ಕೂ ಅಷ್ಟೇ ತೂಕ. ಎಲ್ಲರೂ ನಾಮನಿರ್ದೇಶನ ಮಾಡಲಿ, ತೀರ್ಮಾನ ಸಮಿತಿಯದಾಗಲಿ.

ಅರ್ಜಿ ಒಂದೇ ಪುಟ ಇರಲಿ. ಹೆಸರು, ವಿಷಯ, ಹಿಡಿದ ಹುದ್ದೆಗಳು ವರ್ಷದ ಸಮೇತ, ಚಾಪ್ಟರಿಗಾಗಿ ಮಾಡಿದ ಕೆಲಸದ ಎರಡು ನಿರ್ದಿಷ್ಟ ಉದಾಹರಣೆ, ಅದನ್ನು ಕಣ್ಣಾರೆ ಕಂಡ ಇಬ್ಬರ ಹೆಸರು. ಕೊನೆಯದು ಬಹಳ ಮುಖ್ಯ. ಸಮಿತಿ ಆ ಇಬ್ಬರಿಗೂ ಫೋನ್ ಮಾಡಿ ಐದು ನಿಮಿಷ ಮಾತಾಡಿದರೆ ಅರ್ಜಿಯಲ್ಲಿ ಉಬ್ಬಿದ್ದೂ ತಿಳಿಯುತ್ತದೆ, ಸಂಕೋಚದಿಂದ ಬಿಟ್ಟದ್ದೂ ತಿಳಿಯುತ್ತದೆ.

ಅಂಕದ ಲೆಕ್ಕ

ನೂರು ಅಂಕವನ್ನು ಹೀಗೆ ಹಂಚಬಹುದು: ಚಾಪ್ಟರಿನ ಒಳಗಿನ ಕೆಲಸಕ್ಕೆ 35, ಓದಿಗೆ 20, ಕ್ಯಾಂಪಸ್ಸಿನ ಇತರ ಸಂಘಗಳಲ್ಲಿನ ಹೊಣೆಗೆ 15, ಸಮಾಜಸೇವೆಗೆ 15, ನಡತೆಗೆ 15. ಚಾಪ್ಟರ್ ಕೊಡುವ ಪ್ರಶಸ್ತಿ ಆದ್ದರಿಂದ ಅದರ ಒಳಗಿನ ದುಡಿಮೆಗೇ ಹೆಚ್ಚು ತೂಕ ಇರಬೇಕು. ಆ 35ರಲ್ಲಿ ಹುದ್ದೆಗೆ 10ಕ್ಕಿಂತ ಹೆಚ್ಚು ಕೊಡಬೇಡಿ. ಉಳಿದ 25 ಆ ಹುದ್ದೆಯಲ್ಲಿ ಕೂತು, ಅಥವಾ ಹುದ್ದೆಯೇ ಇಲ್ಲದೆ, ಏನು ಮಾಡಿದ ಎನ್ನುವುದಕ್ಕೆ ಸಲ್ಲಲಿ.

ಓದಿನ ಅಂಕದಲ್ಲಿ ಒಂದು ಮೋಸದ ಜಾಗ ಇದೆ. ಜಿಪಿಎ, ಅಂದರೆ ಎಲ್ಲ ವಿಷಯಗಳ ಸರಾಸರಿ ಅಂಕ, ನಾಲ್ಕಕ್ಕೆ ಎಷ್ಟು ಎಂದು ನೇರ ಅನುಪಾತ ಹಾಕಿದರೆ 3.7 ಇದ್ದವನಿಗೆ 20ಕ್ಕೆ 18.5, 3.4 ಇದ್ದವನಿಗೆ 17. ಎಲ್ಲರೂ ಒಂದೂವರೆ ಅಂಕದಲ್ಲಿ ಗುಂಪುಗೂಡುತ್ತಾರೆ, ಓದಿಗೆ 20 ಇಟ್ಟದ್ದೇ ವ್ಯರ್ಥವಾಗುತ್ತದೆ. ಅದರ ಬದಲು 2.5 ಅನ್ನು ತಳ ಮಾಡಿಕೊಳ್ಳಿ: ಜಿಪಿಎಯಿಂದ 2.5 ಕಳೆದು, 1.5ರಿಂದ ಭಾಗಿಸಿ, 20ರಿಂದ ಗುಣಿಸಿ. ಆಗ 3.7ಕ್ಕೆ 16 ಬರುತ್ತದೆ, 3.4ಕ್ಕೆ 12. ಈ ಸೆಮಿಸ್ಟರಿನ ಫಲಿತಾಂಶ ಸಮಾರಂಭ ಆದ ಮೇಲೆ ಬರುವುದರಿಂದ ಡಿಸೆಂಬರ್‌ವರೆಗಿನ ಒಟ್ಟು ಜಿಪಿಎ ತೆಗೆದುಕೊಳ್ಳಿ.

ಜಿಪಿಎಯನ್ನು ಕಾಲೇಜಿನ ಕಚೇರಿಯಿಂದ ಕೇಳಿ ಪಡೆಯುವ ಹಾಗಿಲ್ಲ. 1974ರ ಫರ್ಪಾ ಕಾಯ್ದೆಯಂತೆ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಅವನ ಅಂಕಪಟ್ಟಿಯನ್ನು ವಿಶ್ವವಿದ್ಯಾಲಯ ಮೂರನೆಯವರಿಗೆ ಕೊಡಲಾರದು. ಅಭ್ಯರ್ಥಿಯೇ ಅನಧಿಕೃತ ಟ್ರಾನ್ಸ್‌ಕ್ರಿಪ್ಟ್ ತಂದು ಸಲಹೆಗಾರರಿಗೆ ತೋರಿಸಲಿ. ಅವರು ಅಂಕಿ ಒಂದನ್ನು ಮಾತ್ರ ಸಮಿತಿಗೆ ಹೇಳಲಿ, ಕಾಗದವನ್ನು ವಾಪಸ್ ಕೊಡಲಿ. ವಾಟ್ಸ್‌ಆ್ಯಪ್ ಗುಂಪಿಗೆ ಅಂಕಪಟ್ಟಿಯ ಫೋಟೊ ಹಾಕುವುದು ಯಾವ ಕಾರಣಕ್ಕೂ ಬೇಡ.

ಐವರೂ ಮೊದಲು ತಮ್ಮ ಪಾಡಿಗೆ ತಾವು ಅಂಕ ಕೊಟ್ಟು ಒಪ್ಪಿಸಬೇಕು, ಚರ್ಚೆ ಆಮೇಲೆ. ಮೊದಲೇ ಚರ್ಚೆಗೆ ಕೂತರೆ ದೊಡ್ಡ ದನಿಯವನ ಅಭಿಪ್ರಾಯವೇ ಐದು ಹಾಳೆಗಳಲ್ಲೂ ಮೂಡುತ್ತದೆ. ಅಂಕ ಬಂದ ಮೇಲೆ ಅಂಕಗಳನ್ನು ಕೂಡಬೇಡಿ, ಸ್ಥಾನಗಳನ್ನು ಕೂಡಿ. ಏಕೆಂದು ನೋಡಿ. ನಾಲ್ವರು ಮೊದಲನೆಯ ಹುಡುಗನಿಗೆ 84, ಎರಡನೆಯವನಿಗೆ 80 ಕೊಟ್ಟರು. ಐದನೆಯವರು ಮೊದಲನೆಯವನಿಗೆ 55, ಎರಡನೆಯವನಿಗೆ 85 ಕೊಟ್ಟರು. ಕೂಡಿದರೆ 391 ಮತ್ತು 405: ಐವರಲ್ಲಿ ನಾಲ್ವರು ಮೇಲಿಟ್ಟವನು ಸೋತ. ಸ್ಥಾನಗಳನ್ನು ಕೂಡಿದರೆ ಮೊದಲನೆಯವನಿಗೆ 6, ಎರಡನೆಯವನಿಗೆ 9, ಕಡಿಮೆ ಬಂದವನೇ ಗೆದ್ದವನು. ಹಾಗೆಂದು ಆ 55 ಯಾಕೆ ಬಂತೆಂದು ಕೇಳದೆ ಬಿಡಬೇಡಿ. ಉಳಿದವರಿಗೆ ಗೊತ್ತಿಲ್ಲದ ಒಂದು ವಿಷಯ ಅವರಿಗೆ ಗೊತ್ತಿರಬಹುದು. ಸ್ಥಾನಗಳು ಸಮ ಬಂದರೆ ಚಾಪ್ಟರಿನ ಕೆಲಸದ 35ರಲ್ಲಿ ಯಾರು ಮುಂದೋ ಅವರಿಗೆ ಎಂದು ಮೊದಲೇ ಬರೆದಿಡಿ.

ಪ್ರಶಸ್ತಿಗಳ ಸಂಖ್ಯೆ ಎರಡು ಮೂರಕ್ಕೆ ನಿಲ್ಲಲಿ. ಒಂಬತ್ತು ಸೀನಿಯರ್‌ಗಳಿಗೆ ಒಂಬತ್ತು ಪ್ರಶಸ್ತಿ ಹುಟ್ಟಿಸಿದರೆ ಯಾವುದಕ್ಕೂ ಬೆಲೆ ಉಳಿಯುವುದಿಲ್ಲ. ಬದಲಿಗೆ ಎಲ್ಲ ಒಂಬತ್ತು ಜನರಿಗೂ ಸ್ಟೋಲ್ ಮತ್ತು ಹೆಸರು ಹಿಡಿದು ಎರಡು ಮಾತು, ಇಬ್ಬರಿಗೆ ಪ್ರಶಸ್ತಿ: ಒಂದು ಒಟ್ಟಾರೆ ಅತ್ಯುತ್ತಮ ಸೀನಿಯರ್‌ಗೆ, ಇನ್ನೊಂದು ಹುದ್ದೆಯಿಲ್ಲದೆ ದುಡಿದವನಿಗೆ. ಎರಡನೆಯ ಪ್ರಶಸ್ತಿ ಶುರುಮಾಡಿದ ಚಾಪ್ಟರಿನಲ್ಲಿ ಅಡುಗೆಮನೆ, ಅಂಗಳ, ಟ್ಯೂಷನ್‌ನಂಥ ಕೆಲಸಗಳಿಗೆ ಜನ ತಾವಾಗಿ ಮುಂದೆ ಬರುತ್ತಾರೆ.

ಫಲಕದ ಮೇಲಿನ ಹೆಸರು

ಗೋಡೆಗೆ ಹಾಕುವ ಶಾಶ್ವತ ಫಲಕ ಸಾಮಾನ್ಯವಾಗಿ ವಾಲ್‌ನಟ್ ಮರದ್ದು, ಅದರಲ್ಲಿ 12 ಅಥವಾ 24 ಸಣ್ಣ ಹಿತ್ತಾಳೆ ಪಟ್ಟಿಗಳು. ಪ್ರತಿ ವರ್ಷ ಒಂದು ಪಟ್ಟಿ ತುಂಬುತ್ತದೆ. ಪಟ್ಟಿ ಸುಮಾರು ಎರಡೂವರೆ ಅಂಗುಲ ಅಗಲ, ಒಂದು ಅಂಗುಲಕ್ಕಿಂತ ಕೊಂಚ ಕಡಿಮೆ ಎತ್ತರ. ಇದರಲ್ಲಿ ಹೆಸರು ಒಂದು ಸಾಲು, ವರ್ಷ ಒಂದು ಸಾಲು ಹಿಡಿಸುತ್ತದೆ. ಅದಕ್ಕಿಂತ ಹೆಚ್ಚು ತುರುಕಿದರೆ ಮೂರಡಿ ದೂರದಿಂದ ಓದಲಾಗುವುದಿಲ್ಲ. ಫ್ರಟರ್ನಿಟಿಯ ಲಾಂಛನ, ಗ್ರೀಕ್ ಅಕ್ಷರ ಹಾಕಿಸುವುದಾದರೆ ಕೇಂದ್ರ ಸಂಸ್ಥೆಯ ಪರವಾನಗಿ ಇರುವ ಮಾರಾಟಗಾರರ ಹತ್ತಿರವೇ ಹೋಗಿ. ಎಷ್ಟೋ ಸಂಸ್ಥೆಗಳು ತಮ್ಮ ಲಾಂಛನಕ್ಕೆ ಟ್ರೇಡ್‌ಮಾರ್ಕ್ ಮಾಡಿಸಿವೆ, ಪರವಾನಗಿ ಇಲ್ಲದ ಅಂಗಡಿ ಆರ್ಡರನ್ನು ಮಧ್ಯದಲ್ಲೇ ನಿಲ್ಲಿಸಬಹುದು.

ಕರ್ನಾಟಕದಿಂದ ಹೋದ ಹುಡುಗರ ವಿಷಯದಲ್ಲಿ ಹೆಸರಿಗೆ ವಿಶೇಷ ಎಚ್ಚರ ಬೇಕು. ನಮ್ಮಲ್ಲಿ ಬಹಳ ಜನಕ್ಕೆ ಮನೆತನದ ಹೆಸರಿಲ್ಲ, ತಂದೆಯ ಹೆಸರಿನ ಅಥವಾ ಊರಿನ ಮೊದಲಕ್ಷರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅದೇ ಕಾಲೇಜಿನ ದಾಖಲೆಗೂ ಹೋಗಿ ಕೂರುತ್ತದೆ. ಚಾಪ್ಟರಿನ ಕಾರ್ಯದರ್ಶಿ ಆ ದಾಖಲೆಯನ್ನೇ ನಕಲು ಮಾಡಿ ಕೆತ್ತನೆಗೆ ಕಳಿಸಿದರೆ ಹಿತ್ತಾಳೆಯ ಮೇಲೆ ಆ ಮೂರು ಅಕ್ಷರ ಶಾಶ್ವತವಾಗಿ ಉಳಿಯುತ್ತವೆ. ಆದ್ದರಿಂದ ಪ್ರತಿಯೊಬ್ಬನಿಂದಲೂ ‘ನನ್ನ ಹೆಸರು ಫಲಕದ ಮೇಲೆ ಹೀಗಿರಲಿ’ ಎಂದು ಅವನ ಕೈಯಿಂದಲೇ ದೊಡ್ಡಕ್ಷರದಲ್ಲಿ ಬರೆಸಿಕೊಳ್ಳಿ. ಅಂಗಡಿಯವರು ಕಳಿಸುವ ಮಾದರಿ ಚಿತ್ರವನ್ನೂ ಅವನೇ ನೋಡಿ ಒಪ್ಪಲಿ.

ಕೂಗಿ ಕರೆಯುವ ಹೆಸರಿಗೂ ಅಷ್ಟೇ ಜಾಗ್ರತೆ ಬೇಕು. ಜ್ಞಾನೇಶ್ ಎಂಬ ಹೆಸರನ್ನು ಇಂಗ್ಲಿಷ್ ಕಾಗುಣಿತ ನೋಡಿ ಓದುವವನು ಮೊದಲ ಅಕ್ಷರದಲ್ಲೇ ತಡವರಿಸುತ್ತಾನೆ. ಹೆಸರಿನ ಮಾಲೀಕ ತನ್ನ ಫೋನಿನಲ್ಲಿ ಐದು ಸೆಕೆಂಡ್ ರೆಕಾರ್ಡ್ ಮಾಡಿ ಕಳಿಸಲಿ, ನಿರೂಪಕ ಅದನ್ನು ಕೇಳಿ ಹತ್ತು ಸಲ ಹೇಳಿ ಅಭ್ಯಾಸ ಮಾಡಲಿ. ನಾಲ್ಕು ವರ್ಷ ಜೊತೆಗಿದ್ದವರು ಕೊನೆಯ ದಿನವಾದರೂ ಹೆಸರನ್ನು ಸರಿಯಾಗಿ ಕರೆಯಬೇಕು.

ಪದವಿ ಗೌನಿನ ಮೇಲೆ ಹಾಕುವ ಸ್ಟೋಲ್, ಕುತ್ತಿಗೆಯಿಂದ ಇಳಿಬಿಡುವ ಗೊಂಡೆಯ ಹುರಿ ಇವುಗಳಲ್ಲಿ ಯಾವುದಕ್ಕೆ ವೇದಿಕೆಯ ಮೇಲೆ ಅವಕಾಶ ಇದೆ ಎಂದು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ನಿಯಮ. ಆರ್ಡರ್ ಮಾಡುವ ಮುಂಚೆ ಕೇಳಿಕೊಳ್ಳಿ. ಕಸೂತಿ ಹಾಕಿಸುವುದಾದರೆ ಆರು ವಾರ ಕೈಯಲ್ಲಿಟ್ಟುಕೊಳ್ಳಿ. ಸ್ಟೋಲ್‌ನ ಹೆಸರಿಗೆ ಆಯ್ಕೆ ಮುಗಿಯುವವರೆಗೆ ಕಾಯಬೇಕಿಲ್ಲ.

ದುಡ್ಡಿನ ವಿಷಯ

ಒಂಬತ್ತು ಸೀನಿಯರ್‌ಗಳು, ಒಟ್ಟು 70 ಜನರ ಊಟ ಎಂದಿಟ್ಟುಕೊಂಡು ಒಂದು ಅಂದಾಜು. ಸ್ಟೋಲ್ ತಲಾ 30 ಡಾಲರಿನಂತೆ 270, ಎರಡು ಕೈಫಲಕ 90, ಗೋಡೆಯ ಪಟ್ಟಿ 15, ಊಟ ತಲಾ 18ರಂತೆ 1,260, ಅಚ್ಚಿನ ಕೆಲಸ 40. ಒಟ್ಟು 1,675. ಇದರ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ಸುಮಾರು 1,845 ಡಾಲರ್ ಎತ್ತಿಡಿ. ಊಟದ ಲೆಕ್ಕವೇ ಮುಕ್ಕಾಲು ಭಾಗ ಎನ್ನುವುದನ್ನು ಗಮನಿಸಿ: ಕಡಿತ ಮಾಡಬೇಕಾದರೆ ಅಲ್ಲಿ ಮಾಡಿ, ಸ್ಟೋಲ್‌ನಲ್ಲಿ ಬೇಡ.

ನಗದು ಬಹುಮಾನ ಕೊಡುವ ಆಸೆ ಬಂದರೆ ಚಾಪ್ಟರಿನ ಖಾತೆಯಿಂದ ಕೊಡಬೇಡಿ. ಫ್ರಟರ್ನಿಟಿಗಳು ಸಾಮಾನ್ಯವಾಗಿ ಅಮೆರಿಕದ ತೆರಿಗೆ ಸಂಹಿತೆಯ 501(ಸಿ)(7) ವಿಭಾಗದ ಕೆಳಗೆ ಬರುವ ಸಾಮಾಜಿಕ ಕ್ಲಬ್ಬುಗಳು. ಅವುಗಳ ಆದಾಯ ಸದಸ್ಯರ ಜೇಬಿಗೆ ಹೋಗುವಂತಿಲ್ಲ. ವಿದ್ಯಾರ್ಥಿವೇತನ ಕೊಡಲೆಂದೇ ಅನೇಕ ಕೇಂದ್ರ ಸಂಸ್ಥೆಗಳು 501(ಸಿ)(3) ವಿಭಾಗದ ದತ್ತಿ ಪ್ರತಿಷ್ಠಾನ ನಡೆಸುತ್ತವೆ, ಆ ದಾರಿಯಲ್ಲಿ ಹೋಗಿ. ಗೆದ್ದವನು ಎಫ್-1 ವಿದ್ಯಾರ್ಥಿ ವೀಸಾದ ಮೇಲೆ ಬಂದವನಾದರೆ ನಗದಿಗೆ ಬೇರೆ ತೆರಿಗೆ ನಿಯಮಗಳೂ ಅನ್ವಯಿಸುತ್ತವೆ, ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳದೆ ಚೆಕ್ ಬರೆಯಬೇಡಿ.

ಓದುವ ಮಾತು

ಇಡೀ ಸಮಾರಂಭದಲ್ಲಿ ನೆನಪಲ್ಲಿ ಉಳಿಯುವುದು ಪ್ರಶಸ್ತಿ ಕೊಡುವಾಗ ಓದುವ ಐದಾರು ವಾಕ್ಯ. ಇದಕ್ಕೆ ಅರ್ಧ ದಿನವಾದರೂ ಕೊಡಿ. ‘ಶ್ರಮಜೀವಿ, ಸ್ನೇಹಜೀವಿ, ನಾಯಕತ್ವದ ಗುಣವುಳ್ಳವನು’ ಎಂದರೆ ಅದು ಯಾರಿಗೆ ಬೇಕಾದರೂ ಹೊಂದುತ್ತದೆ. ಹೀಗೆ ಬರೆಯಿರಿ: ‘ಎರಡು ವರ್ಷ ಪ್ರತಿ ಭಾನುವಾರ ರಾತ್ರಿ ಒಂಬತ್ತಕ್ಕೆ ಊಟದ ಮೇಜು ಒರೆಸಿ, ಬಿಳಿ ಬೋರ್ಡ್ ತಂದಿಟ್ಟು, ಹೊಸಬರಿಗೆ ಕ್ಯಾಲ್ಕುಲಸ್ ಹೇಳಿಕೊಟ್ಟ. ಆ ಮೇಜಿನ ಸುತ್ತ ಕೂತು ಕಲಿತವರು ದಯವಿಟ್ಟು ಎದ್ದು ನಿಲ್ಲಿ.’ ಕೋಣೆಯಲ್ಲಿ ಹನ್ನೆರಡು ಹುಡುಗರು ಎದ್ದು ನಿಂತಾಗ ಇನ್ನು ಯಾವ ವಿಶೇಷಣವೂ ಬೇಕಾಗುವುದಿಲ್ಲ.

ಒಬ್ಬೊಬ್ಬರಿಗೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಬೇಡ. ಒಂಬತ್ತು ಜನಕ್ಕೆ ಹದಿನಾಲ್ಕು ನಿಮಿಷ ಆಗುತ್ತದೆ, ಪ್ರಶಸ್ತಿ ಪಡೆದ ಇಬ್ಬರಿಗೆ ಮೂರು ಮೂರು ನಿಮಿಷ. ಬರೆದದ್ದನ್ನು ಸಲಹೆಗಾರರು ಒಮ್ಮೆ ಓದಲಿ. ಗೇಲಿ ಮಾಡುವ ಭಾಷಣದ ರೂಢಿ ಕೆಲವು ಕಡೆ ಇದೆ. ಆ ಹುಡುಗನ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದಾಗ ಹೇಳಲಾಗದ ಯಾವ ಮಾತೂ ಹಾಳೆಯಲ್ಲಿ ಇರಬಾರದು.

ಆ ದಿನ

ಸದಸ್ಯರಿಗೆ ಮಾತ್ರ ಮೀಸಲಾದ ರಹಸ್ಯ ವಿಧಿ ನಿಮ್ಮಲ್ಲಿದ್ದರೆ ಅದನ್ನು ಬೆಳಿಗ್ಗೆಯೇ ಬೇರೆಯಾಗಿ ಮುಗಿಸಿ, ಅತಿಥಿಗಳನ್ನು ಬಾಗಿಲ ಹೊರಗೆ ಕಾಯಿಸಬೇಡಿ. ಸಾರ್ವಜನಿಕ ಭಾಗ ಒಂದು ಗಂಟೆ ಹದಿನೈದು ನಿಮಿಷದೊಳಗೆ ಮುಗಿಯಲಿ, ಊಟ ಆಮೇಲೆ. ಸ್ವಾಗತ, ಸೀನಿಯರ್‌ಗಳನ್ನು ಒಬ್ಬೊಬ್ಬರಾಗಿ ಕರೆಯುವುದು, ಸ್ಟೋಲ್ ಹೊದಿಸುವುದು, ಪ್ರಶಸ್ತಿಗಳು, ಹಳೆಯ ಸದಸ್ಯರೊಬ್ಬರ ಮಾತು, ಗುಂಪು ಫೋಟೊ. ಸ್ಟೋಲನ್ನು ಅಧ್ಯಕ್ಷ ಹೊದಿಸುವುದಕ್ಕಿಂತ ಆ ಸೀನಿಯರ್‌ನ ಲಿಟಲ್ ಬ್ರದರ್ ಹೊದಿಸಿದರೆ ಚೆಂದ. ಲಿಟಲ್ ಇಲ್ಲದವನಿಗೆ ಯಾರು ಹೊದಿಸಬೇಕೆಂದು ಅವನನ್ನೇ ಮುಂಚೆ ಕೇಳಿ. ಹಿಂದಿನ ರಾತ್ರಿಯೇ ಸ್ಟೋಲ್‌ಗಳನ್ನು ಇಸ್ತ್ರಿ ಮಾಡಿ, ಕರೆಯುವ ಕ್ರಮದಲ್ಲೇ ಒಂದರ ಮೇಲೊಂದು ಜೋಡಿಸಿ, ಮೊದಲು ಕರೆಯುವವನದು ಮೇಲೆ. ವೇದಿಕೆಯ ಮೇಲೆ ಸ್ಟೋಲ್ ಅದಲುಬದಲಾಗುವುದು ಈ ಸಣ್ಣ ಕೆಲಸ ಬಿಟ್ಟದ್ದರಿಂದಲೇ.

ಮದ್ಯ ಬೇಡ. ಅಮೆರಿಕದಲ್ಲಿ ಕುಡಿಯುವ ಕಾನೂನುಬದ್ಧ ವಯಸ್ಸು 21, ಕೋಣೆಯಲ್ಲಿ ಬಹಳ ಜನ ಅದಕ್ಕಿಂತ ಚಿಕ್ಕವರು. ಚಾಪ್ಟರಿನ ದುಡ್ಡಿನಲ್ಲಿ ಮದ್ಯ ಕೊಳ್ಳುವುದನ್ನು ಅನೇಕ ಕೇಂದ್ರ ಸಂಸ್ಥೆಗಳು ನಿಷೇಧಿಸಿವೆ. ಬೀಳ್ಕೊಡುಗೆಯ ಹೆಸರಿನಲ್ಲಿ ಹೊಸ ಸದಸ್ಯರಿಂದ ಸೀನಿಯರ್‌ಗಳ ಚಾಕರಿ ಮಾಡಿಸುವುದೂ ಹೇಜಿಂಗ್ (ನಮ್ಮ ರ‍್ಯಾಗಿಂಗ್‌ನಂಥದ್ದು) ಎಂದೇ ಎಣಿಕೆಯಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಸಹಿಯಾದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಕಾಯ್ದೆ ಬಂದ ಮೇಲೆ ವಿಶ್ವವಿದ್ಯಾಲಯಗಳು ಇಂಥವನ್ನು ಲೆಕ್ಕವಿಟ್ಟು ಪ್ರಕಟಿಸಬೇಕು.

ತಂದೆತಾಯಿ ಹಾಸನದಲ್ಲೋ ದಾವಣಗೆರೆಯಲ್ಲೋ ಇದ್ದರೆ ವಿಡಿಯೊ ಕರೆಗೆ ಸಮಯ ನೋಡಿ ಇಡಿ. ಬೇಸಿಗೆ ಗಡಿಯಾರದಲ್ಲಿ ನ್ಯೂಯಾರ್ಕಿಗಿಂತ ಭಾರತ ಒಂಬತ್ತೂವರೆ ಗಂಟೆ ಮುಂದೆ, ಟೆಕ್ಸಸ್‌ಗಿಂತ ಹತ್ತೂವರೆ, ಕ್ಯಾಲಿಫೋರ್ನಿಯಾಗಿಂತ ಹನ್ನೆರಡೂವರೆ. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 11ಕ್ಕೆ ಶುರು ಮಾಡಿದರೆ ಊರಿನಲ್ಲಿ ರಾತ್ರಿ ಎಂಟೂವರೆ, ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ನೋಡಬಹುದು. ಸಂಜೆ 7ಕ್ಕೆ ಇಟ್ಟರೆ ಅಲ್ಲಿ ಬೆಳಗಿನ ಜಾವ ನಾಲ್ಕೂವರೆ. ಕ್ಯಾಮೆರಾ ಹಿಡಿಯಲು ಬೇರೆ ಕೆಲಸವಿಲ್ಲದ ಒಬ್ಬನನ್ನು ಗೊತ್ತುಮಾಡಿ, ಮೈಕಿನ ದನಿ ಕರೆಯಲ್ಲಿ ಕೇಳುತ್ತದೆಯೇ ಎಂದು ಹಿಂದಿನ ದಿನವೇ ಪರೀಕ್ಷಿಸಿ. ಓದಿದ ಮಾತನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಮನೆಗೆ ಕಳಿಸಿಕೊಟ್ಟರೆ ಇಂಗ್ಲಿಷ್ ಬಾರದ ಹಿರಿಯರಿಗೂ ತಮ್ಮ ಹುಡುಗ ಏನು ಮಾಡಿದ ಎಂದು ತಿಳಿಯುತ್ತದೆ.

ಮಾರನೆಯ ವಾರ

ಹೊರಡುವವರ ವೈಯಕ್ತಿಕ ಮಿಂಚಂಚೆ, ಫೋನ್ ನಂಬರ್, ಹೋಗುವ ಊರು ಬರೆದುಕೊಳ್ಳಿ. ಕಾಲೇಜಿನ ಮಿಂಚಂಚೆ ವಿಳಾಸ ಪದವಿಯ ನಂತರ ಮುಚ್ಚಿಹೋಗಬಹುದು, ಅದೊಂದನ್ನೇ ನಂಬಿದರೆ ಮುಂದಿನ ವರ್ಷದ ಸಮಿತಿಗೆ ಹಳೆಯ ಸದಸ್ಯರು ಸಿಗುವುದಿಲ್ಲ. ಅವರನ್ನು ಹಳೆಯ ಸದಸ್ಯರ ಪಟ್ಟಿಗೆ ಸೇರಿಸಲು ಕೇಂದ್ರ ಸಂಸ್ಥೆಗೆ ತಿಳಿಸಿ. ಗೆದ್ದವರ ಹೆಸರು, ಓದಿದ ಮಾತು, ಅಂಕದ ನಿಯಮ, ಖರ್ಚಿನ ಲೆಕ್ಕ ಇಷ್ಟನ್ನೂ ಒಂದು ಕಡತದಲ್ಲಿ ಇಡಿ, ಅಂಕದ ಹಾಳೆಗಳನ್ನು ಮಾತ್ರ ಹರಿದುಹಾಕಿ. ಗೋಡೆಯ ಫಲಕದಲ್ಲಿ ಎಷ್ಟು ಪಟ್ಟಿ ಖಾಲಿ ಇವೆ ಎಂದು ಎಣಿಸಿ ಕಡತದ ಮೊದಲ ಪುಟದಲ್ಲಿ ಬರೆಯಿರಿ. ಒಂದೇ ಉಳಿದಿದ್ದರೆ ಹೊಸ ಫಲಕದ ಖರ್ಚು ಮುಂದಿನ ವರ್ಷದ ಬಜೆಟ್ಟಿನಲ್ಲಿ ಈಗಲೇ ಸೇರಬೇಕು.